ವೈನಿಯ ಐದು ಕೋಳಿಗಳು

ವೈನಿಯ ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಕೋಳಿ ಕುಕ್ಕಿದ ಮೂರು ಬಿಳಿ ಕಲೆಗಳಿದ್ದವು. ಮೂರೋ ನಾಲ್ಕೋ, ಎಡಗೈಯೂ ಇರಬಹುದು. ಮಾತಾಡುವಾಗ ಆ ಬೆರಳನ್ನು ಉಜ್ಜಿಕೊಳ್ಳುತ್ತಿದ್ದರು ಎಂಬುದಷ್ಟೇ ಖಚಿತ. ನೆನಪು ಎಲ್ಲವನ್ನೂ ಒಪ್ಪ ಮಾಡಿ ಮುಂದಿಡುತ್ತದೆ. ಅದನ್ನು ಪೂರ್ತಿ ನಂಬದೆಯೇ ಬರೆಯುತ್ತಿದ್ದೇನೆ.

ಅಮೆರಿಕದ ಸ್ಯಾನ್ ರಮೋನಿನಲ್ಲಿ ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಮರದ ಬೇಲಿ, ಬೇಲಿಯಲ್ಲೊಂದು ಸಣ್ಣ ಗೇಟು. ಮೊದಲ ದಿನ ನಾನು ಆಂಟಿ ಎಂದೆ. "ಆಂಟಿ ಅನಬ್ಯಾಡ, ಹಲ್ಲು ಉದುರಿಧಂಗ ಅನಸ್ತದ. ವೈನಿ ಅನ್ನು" ಎಂದರು. ಧಾರವಾಡದವರು, ಅತ್ತಿಗೆಗೆ ಅಲ್ಲಿಯ ಮಾತು ಅದು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ಮೊಟ್ಟೆ ತಿನ್ನುವುದಿರಲಿ, ಮುಟ್ಟಿದವರೂ ಅಲ್ಲ. ಜೊತೆಗೆ ಕೆಲಸ ಮಾಡುತ್ತಿದ್ದವಳೊಬ್ಬಳು ಊರು ಬಿಡುವಾಗ ತನ್ನ ಐದು ಕೋಳಿಗಳ ಗತಿ ಏನೆಂದು ಅತ್ತಳಂತೆ. ಇವರು ಗೂಡಿನ ಸಮೇತ ತಂದುಬಿಟ್ಟರು. ಅವರ ಯಜಮಾನರು ತಿಂಗಳುಗಟ್ಟಲೆ ಹಿತ್ತಲಿಗೆ ಇಳಿಯಲಿಲ್ಲ. ಮೊಟ್ಟೆಗಳನ್ನು ವೈನಿ ಗ್ಲೌಸು ಹಾಕಿಕೊಂಡು ಆರಿಸಿ, ಚೀಲದಲ್ಲಿಟ್ಟು ನಮ್ಮ ಗೇಟಿಗೆ ನೇತುಹಾಕುತ್ತಿದ್ದರು.

ನಾನು ಅಜ್ಜಿಯ ಮನೆಯಲ್ಲಿ ಮಂಕರಿಯಡಿ ಕೋಳಿ ಮುಚ್ಚುತ್ತ ಬೆಳೆದವಳು, ಭಾನುವಾರ ಅದರದೇ ಸಾರು ಉಂಡವಳು. ಹೀಗಾಗಿ ಕೋಳಿಯ ಮಟ್ಟಿಗೆ ನಾನು ಅವರ ಗುರು. "ನೀ ಗೇಟು ತಗದ್ರ ಸಾಕು, ನನ್ನ ಹುಡುಗ್ಯಾರು ಮೂಲಿ ಸೇರ್ತಾರ. ನಿನ್ನ ಬಾಯಾಗಿನ ನೀರು ಅವಕ್ಕ ಗೊತ್ತಾಗ್ತದ" ಎಂದು ಚುಡಾಯಿಸುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಕೂತು ನಮ್ಮ ಲೋಟದಲ್ಲೇ ಚಹಾ ಕುಡಿಯುತ್ತಿದ್ದರು. ಅದು ನನಗೆ ಸಣ್ಣ ಸಂಗತಿಯಲ್ಲ. ಮೈಸೂರಿನಲ್ಲಿ ನಾವು ಬಾಡಿಗೆಗಿದ್ದ ಮನೆಯೊಡತಿ ಅಮ್ಮನಿಗೆ ನೀರು ಕೊಡುವಾಗ ಚೊಂಬನ್ನು ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮಡಿ ಎನ್ನುತ್ತಿದ್ದರು. ಅಮ್ಮ ಬಗ್ಗಿ ಎತ್ತಿಕೊಳ್ಳುತ್ತಿದ್ದಳು.

ಆ ಚಳಿಗಾಲ ಎಲ್ಲೆಲ್ಲೂ ಹಕ್ಕಿಜ್ವರದ ಸುದ್ದಿ. ಆಫೀಸಿನ ಹಿಂದಿನ ಕೊಳದಲ್ಲಿ ಬಾತುಕೋಳಿಗಳು ಸತ್ತು ತೇಲುತ್ತಿದ್ದವು ಎಂದು ಯಾರೋ ಹೇಳಿದರು. ನಾನು ಆರು ತಿಂಗಳ ಬಸುರಿ. ಅದಕ್ಕೂ ಮುಂಚೆ ಎರಡು ಸಲ ಬಸಿರು ನಿಂತಿರಲಿಲ್ಲ. ಎರಡನೆಯ ಸಲ ವೈನಿ ಒಂದು ವಾರ ನನ್ನ ಮಂಚದ ಪಕ್ಕ ಕೂತಿದ್ದರು. ಈ ಸಲ ನಾನು ಮೆಟ್ಟಿಲನ್ನೂ ಹೆದರುತ್ತ ಇಳಿಯುತ್ತಿದ್ದೆ. ಅವರು ಕೋಳಿಗೂಡಿನ ಮೇಲೆ ಬಲೆ ಹೊದಿಸಿ, ಗುಬ್ಬಿ ಹಾರಿ ಬಂದರೂ ಪೊರಕೆ ಹಿಡಿದು ಓಡುತ್ತಿದ್ದರು.

ಒಂದು ಬುಧವಾರ ಮಧ್ಯಾಹ್ನ ಅವರು ಗೇಟಿನಿಂದ ಕರೆದರು. ಕೆಂಚು ಕೋಳಿ ರೆಕ್ಕೆ ಇಳಿಬಿಟ್ಟು ಕೂತಿತ್ತು. ಜುಟ್ಟು ಕಪ್ಪಾಗಿತ್ತು, ಕಣ್ಣಿನ ಸುತ್ತ ಊತ. ಥಂಡಿ ಎಂದೆ ನಾನು, ಗುರುವಲ್ಲವೇ. ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ನೀರು ಹನಿಸಿದೆ. ಅದು ಸೀನಿತು. ಮಣಿಕಟ್ಟಿನ ಮೇಲೆ ಬಿದ್ದ ಸಿಂಬಳವನ್ನು ಅಂಗಿಗೆ ಒರೆಸಿಕೊಂಡೆ. "ಇಳಿಸು ಅದನ್ನ" ಎಂದು ಆಗಲೇ ವೈನಿ ಹೇಳಿದ್ದರೇ, ಅಥವಾ ಆಮೇಲೆ ನಾನೇ ಸೇರಿಸಿಕೊಂಡೆನೇ, ತಿಳಿಯದು. ಸಂಜೆಯ ಹೊತ್ತಿಗೆ ಕೋಳಿ ಸತ್ತಿತು.

ಮರುದಿನ ಬೆಳಿಗ್ಗೆ, ಪಾಪ, ಅಡುಗೆ ಮಾಡಿರಲಾರರು ಎಂದು ಒಂದು ಡಬ್ಬಿ ಉಪ್ಪಿಟ್ಟು ಒಯ್ದೆ. ಗೇಟು ತೆಗೆಯುತ್ತಲೇ ವೈನಿ ಹಿಂದೆ ಸರಿದರು.

"ಅಲ್ಲೇ ನಿಂದರು. ಡಬ್ಬಿ ಕೆಳಗಿಡು. ನನ್ನ ಮುಟ್ಟಬ್ಯಾಡ."

"ಏನ್ ವೈನಿ, ಮಡಿನಾ?" ನಾನು ನಗುತ್ತಲೇ ಕೇಳಿದ್ದು.

ಅವರು ನಗಲಿಲ್ಲ. ನನ್ನ ಹೊಟ್ಟೆಯನ್ನೇ ನೋಡಿದರು. "ಹೂಂ. ಹಂಗಽ ತಿಳ್ಕೋ."

"ಕೋಳಿ ತಿನ್ನೋರ ಮನೆಯವಳು ಅಂತ ಇವತ್ತು ನೆನಪಾಯ್ತಾ?"

"ನೆನಪಾತು. ಮನಿಗೆ ಹೋಗು. ಕೈ ಸಾಬಾಣ ಹಚ್ಚಿ ತೊಳ್ಕೋ. ನಿನ್ನೆ ಹಾಕ್ಕೊಂಡಿದ್ದ ಅರಿವಿ ಒಗೀಲಿಕ್ಕೆ ಹಾಕು."

ನನ್ನ ಕೈ, ನನ್ನ ಬಟ್ಟೆ. ಡಬ್ಬಿಯನ್ನು ಕಾಂಕ್ರೀಟಿನ ಮೇಲಿಟ್ಟೆ, ಅಮ್ಮ ಬಗ್ಗುತ್ತಿದ್ದ ಹಾಗೆಯೇ ಬಗ್ಗಿ. ಹೊಟ್ಟೆ ಅಡ್ಡ ಬಂತು. ಗೇಟಿಗೆ ನಮ್ಮ ಕಡೆಯಿಂದ ಚಿಲಕ ಹಾಕಿದೆ. ಮಧ್ಯಾಹ್ನ ಮಹಡಿಯ ಕಿಟಕಿಯಿಂದ ನೋಡಿದರೆ ಡಬ್ಬಿ ಅಲ್ಲೇ ಇತ್ತು. ಅಳಿಲೊಂದು ಮುಚ್ಚಳ ಎಳೆಯುತ್ತಿತ್ತು. ಇಷ್ಟು ವರ್ಷದ ಚಹಾ ಎಲ್ಲ ಸುಳ್ಳು ಎನಿಸಿತು. ಸಿಟ್ಟಿಗೆ ಆ ದಿನವೆಲ್ಲ ಹೆದರುವುದನ್ನೇ ಮರೆತಿದ್ದೆ.

ಶುಕ್ರವಾರ ಬೆಳಿಗ್ಗೆ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಆರೋಗ್ಯ ಕಚೇರಿಯಿಂದ ಫೋನು. ಪಕ್ಕದ ಮನೆಯ ಕೋಳಿಗೆ ಹಕ್ಕಿಜ್ವರ ಇದ್ದದ್ದು ಗೊತ್ತಾಗಿದೆ, ಆ ಮನೆಯವರು ನಿಮ್ಮ ಹೆಸರು ಕೊಟ್ಟಿದ್ದಾರೆ ಎಂದಳು ಆ ಕಡೆಯ ಹೆಂಗಸು. ಬುಧವಾರ ಮಧ್ಯಾಹ್ನ, ತೊಡೆಯ ಮೇಲೆ, ಬಲ ಮಣಿಕಟ್ಟು, ಆರು ತಿಂಗಳು: ಎಲ್ಲವೂ ಅವಳ ಮುಂದೆ ಬರೆದಿತ್ತು. ಕೋಳಿ ಸತ್ತ ಸಂಜೆಯೇ ವೈನಿ ಅದನ್ನು ಎರಡು ಚೀಲದಲ್ಲಿ ಕಟ್ಟಿ, ತಾವೇ ಫೋನು ಮಾಡಿ ಪರೀಕ್ಷೆಗೆ ಒಪ್ಪಿಸಿದ್ದರು. ರೋಗ ಇದೆಯೆಂದಾದರೆ ಉಳಿದ ನಾಲ್ಕನ್ನೂ ಕೊಲ್ಲುತ್ತೇವೆ ಎಂದು ಕಚೇರಿಯವರು ವೈನಿಗೆ ಮೊದಲೇ ತಿಳಿಸಿದ್ದರಂತೆ. ಸುಮ್ಮನೆ ಹಿತ್ತಲಲ್ಲಿ ಹೂತಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅಂದೇ ಮೂಗು ಗಂಟಲಿನ ಪರೀಕ್ಷೆಯಾಯಿತು, ಮಾತ್ರೆ ಶುರುವಾಯಿತು. ಹತ್ತು ದಿನ ಬೆಳಿಗ್ಗೆ ಸಂಜೆ ಜ್ವರ ನೋಡಬೇಕು. ಮಗು ಒದೆಯುವುದು ಸ್ವಲ್ಪ ತಡವಾದರೆ ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ತಣ್ಣೀರು ಕುಡಿದು ಕಾಯುತ್ತಿದ್ದೆ. ಒಮ್ಮೆ ಥರ್ಮಾಮೀಟರು ನೂರು ದಾಟಿತು. ಗಂಡ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತ ಮೇಲೆ, ಆಗಷ್ಟೇ ಬಿಸಿ ಚಹಾ ಕುಡಿದದ್ದು ನೆನಪಾಯಿತು. ಕೋಳಿಯ ಹತ್ತಿರ ನನಗಿಂತ ಹೆಚ್ಚು ಇದ್ದವರು ವೈನಿ. ಅವರೂ ತಮ್ಮ ಮನೆಯೊಳಗೆ ಇದನ್ನೇ ಮಾಡುತ್ತಿದ್ದರು.

ಶನಿವಾರ ಬಿಳಿ ಸೂಟು ತೊಟ್ಟ ಇಬ್ಬರು ಬಂದರು. ನಾಲ್ಕೂ ಕೋಳಿಗಳು ಗೂಡಿನ ಕೆಳಗೆ ತೂರಿ ಕೂತವು. ಕೋಲು ಹಾಕಿದರೂ ಬರಲಿಲ್ಲ. ಕೊನೆಗೆ ಅವರು ವೈನಿಯ ಕಡೆ ತಿರುಗಿ ಏನೋ ಕೇಳಿದರು. ನಾನು ಮಹಡಿಯಲ್ಲಿದ್ದೆ, ಕಿಟಕಿ ಮುಚ್ಚಿತ್ತು. ವೈನಿ ಗೂಡಿನ ಮುಂದೆ ಬಂದು ಬಗ್ಗಿದರು. ಆಮೇಲೆ ಅವರ ತುಟಿ ಆಡಿದ್ದು ಕಂಡಿತು. ಏನೆಂದು ಕರೆದರೋ ನನಗೆ ಕೇಳಲಿಲ್ಲ. ಒಂದೊಂದಾಗಿ ನಾಲ್ಕೂ ಹೊರಗೆ ಬಂದವು.

ಆ ಸಂಜೆ ನಾನು ಫೋನು ಮಾಡಿದೆ. ಕ್ಷಮೆ ಕೇಳಬೇಕೆಂದು ಮಾಡಿದವಳು, ನನಗೆ ಗುರುವಾರವೇ ಯಾಕೆ ಹೇಳಲಿಲ್ಲ ಎಂದು ಜಗಳಕ್ಕೇ ನಿಂತೆ.

"ಖಾತ್ರಿ ಆಗೂತನಕ ಹೆಂಗ ಹೇಳ್ಲಿ? ಎರಡು ಸರ್ತಿ ನೋಡೀನಿ ನಿನ್ನ" ಎಂದರು. "ಹೆದರಿದ್ರ ಹೊಟ್ಟಿಗೆ ಛಲೋ ಅಲ್ಲ. ಸಿಟ್ಟಿಗೆ ಏನೂ ಆಗೂದಿಲ್ಲ ಅನಕೊಂಡೆ. ಸಿಟ್ಟು ಬಂದ್ರ ನೀ ಈ ಕಡೆ ಬರೂದಿಲ್ಲ ಅಂತ ಗೊತ್ತಿತ್ತು."

ಅವರು ಮಾಡಿದ್ದು ಸರಿಯೇ? ಅಲ್ಲ. ಮಾತ್ರೆ ಒಂದು ದಿನ ತಡವಾಯಿತು. ಆ ಒಂದು ದಿನದಲ್ಲಿ ಏನು ಬೇಕಾದರೂ ಆಗಬಹುದಿತ್ತು. ಹೆದರಿಕೆಯಿಂದ ಬಸಿರು ಇಳಿಯುವುದಿಲ್ಲ ಎಂದು ನನ್ನ ಡಾಕ್ಟರು ಎರಡೂ ಸಲ ಹೇಳಿದ್ದರು. ಆದರೆ ನನ್ನನ್ನು ಗೇಟಿನ ಈಚೆ ನಿಲ್ಲಿಸುವುದಕ್ಕಾಗಿ, ತಾವು ಎಂದೂ ಆಗಿರದ ಆ ಮೈಸೂರಿನ ಮನೆಯೊಡತಿಯಾಗಿ ನನ್ನ ಕಣ್ಣಲ್ಲಿ ಉಳಿಯಲು ಒಪ್ಪಿದರು. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದಿದ್ದರೆ ನಿಜ ಹೇಳುತ್ತಿದ್ದರೋ ಇಲ್ಲವೋ. ಕೇಳಲಿಲ್ಲ. ವೈನಿ ಹೋಗಿ ಈಗ ಎಂಟು ತಿಂಗಳು. ಕೋಳಿಗೂ ಅದಕ್ಕೂ ಸಂಬಂಧವಿಲ್ಲ, ಹೃದಯಾಘಾತ. ಕ್ಷಮೆಯನ್ನೂ ನಾನು ಕೇಳಲಿಲ್ಲ.

ಆ ಹತ್ತು ದಿನ ಕಳೆಯಿತು. ಇಬ್ಬರಿಗೂ ಜ್ವರ ಬರಲಿಲ್ಲ. ದಿನ ತುಂಬಿ ಮಗಳು ಹುಟ್ಟಿದಳು. ಎರಡನೆಯ ದಿನ ವೈನಿ ಆಸ್ಪತ್ರೆಗೆ ಬಂದರು. ಕೋಳಿ ಹೋಗಿ, ಗೂಡು ಕಿತ್ತು ತಿಂಗಳುಗಳಾಗಿದ್ದವು. ಆದರೂ ಮಾಸ್ಕು ಹಾಕಿಕೊಂಡು ಬಾಗಿಲ ಹೊರಗೇ ನಿಂತರು. "ಬರ್ಲೇನವಾ ಒಳಗ?" ಎಂದರು. ಒಳಗೆ ಬಂದವರು ಸಿಂಕಿನಲ್ಲಿ ಎರಡು ಸಲ ಕೈ ತೊಳೆದರು. ಮಗುವನ್ನು ಚಾಚಿದರೆ, ಇಲ್ಲಿಂದಲೇ ನೋಡುತ್ತೇನೆ ಸಾಕು ಎಂದು ಗೋಡೆಗೆ ಒತ್ತಿಕೊಂಡರು. ನಾನು ಮಂಚದಿಂದ ಮೆಲ್ಲಗೆ ಎದ್ದು ಹೋಗಿ, ಮಗುವನ್ನು ಅವರ ತೋಳಿನ ಮೇಲೆ ಇಟ್ಟುಬಿಟ್ಟೆ. ಅವರ ಎರಡೂ ಮೊಣಕೈಗಳನ್ನು ಕೆಳಗಿನಿಂದ ಹಿಡಿದು ನಿಂತೆ. ನರ್ಸು ಬಂದು ನನ್ನನ್ನು ಮಲಗಲು ಹೇಳುವವರೆಗೂ ಬಿಡಲಿಲ್ಲ.