ತೆಂಗಿನ ಪಾತಿಯ ಮಧುನಾಶಿನಿ

ಕಲ್ಲಮ್ಮನ ಬಾಯಿಗೆ ಹೆದರಿಯೇ ಅರ್ಧ ಕಾಯಿಲೆ ಓಡಿಹೋಗುತ್ತದೆ ಎಂದು ಚಿಕ್ಕನಾಯಕನಹಳ್ಳಿ ಕಡೆಯವರು ನಗುತ್ತಿದ್ದರು. ಉಳಿದರ್ಧಕ್ಕೆ ಅವಳ ಬಳಿ ಮಧುನಾಶಿನಿ ಸೊಪ್ಪಿತ್ತು. ಸಕ್ಕರೆ ಕಾಯಿಲೆಯವರು ಹೊಸದಾಗಿ ಬಂದರೆ ಜಗಲಿಯ ಮೇಲೆ ಕೂರಿಸಿ ಎರಡು ಎಲೆ ಅಗಿಸುವಳು. ಆಮೇಲೆ ನಾಲಿಗೆಗೆ ಒಂದು ಚಿಟಿಕೆ ಸಕ್ಕರೆ ಹಾಕುವಳು. ಅದು ಮರಳು ತಿಂದಂತೆ ಸಪ್ಪಗಾಗಿ ಬಂದವರು ಕಣ್ಣರಳಿಸಿದರೆ, "ಮೈಯೊಳಗೂ ಹಿಂಗೇ ಸಾಯ್ತದೆ ಕಣ್ರೀ ಸಕ್ಕರೆ" ಎನ್ನುವಳು. ಹಳಬರಿಗೆ ಈ ಪರೀಕ್ಷೆ ಇಲ್ಲ. ಒಣಗಿದ ಎಲೆಯ ಪುಡಿಯ ಪೊಟ್ಟಣ ಹಿಡಿದು ಹೋಗುವರು.

ಬಳ್ಳಿ ಇದ್ದುದು ಊರಾಚೆಯ ಗುಡ್ಡದ ಗರಸು ನೆಲದಲ್ಲಿ, ಕಲ್ಲುಸಂದಿಯಲ್ಲಿ. ಎಲೆ ಹೆಬ್ಬೆರಳಷ್ಟು. "ಗುಡ್ಡದ್ದೇ ತರ್ಬೇಕು ಕಣೇ, ತೋಟದ್ದು ಬ್ಯಾಡ" ಎಂದು ಈ ಮದ್ದು ಕಲಿಸಿದ ಅತ್ತೆ ಸಾಯುವ ಮುಂಚೆ ಹೇಳಿದ್ದಳು. ಏಕೆಂದು ಅವಳು ಹೇಳಲಿಲ್ಲ, ಕೇಳುವ ತಾಳ್ಮೆ ಇವಳಿಗೂ ಇರಲಿಲ್ಲ. ಅರವತ್ತು ದಾಟಿ ಮಂಡಿ ಕೈಕೊಟ್ಟಾಗ ಕಲ್ಲಮ್ಮ ಬಳ್ಳಿಯನ್ನೇ ತಂದು ತೆಂಗಿನ ಪಾತಿಯಲ್ಲಿ ನೆಟ್ಟಳು. ತಿಪ್ಪೆಗೊಬ್ಬರ, ಡ್ರಿಪ್ ನೀರು, ಸಾಲದೆಂದು ಎರಡು ಹಿಡಿ ಯೂರಿಯಾ. ಮಳೆಗಾಲ ಮುಗಿಯುವಷ್ಟರಲ್ಲಿ ಎಲೆ ಅಂಗೈಯಗಲ ಆಯಿತು. ಬೇಲಿಯಾಚೆಯ ನಿರ್ಮಲಾಳನ್ನು ಕರೆಕರೆದು ತೋರಿಸಿದಳು.

ಅದರ ಸೊಪ್ಪನ್ನು ಮೊದಲು ಅಗಿದವರು ತಿಪಟೂರಿನ ವಿಜ್ಞಾನದ ಮೇಷ್ಟ್ರು ಮಹಾಂತೇಶ್. ಸಕ್ಕರೆ ಚಪ್ಪರಿಸಿ, "ಸಿಹಿಯಾಗೇ ಇದೆಯಲ್ಲಮ್ಮ" ಎಂದರು.

"ನಾಲ್ಗೆ ಕೆಟ್ಟದೆ ನಿಮ್ದು."

"ನಾಲಿಗೆಯಲ್ಲ, ಮಣ್ಣು ನೋಡಿ. ಬಡನೆಲದಲ್ಲಿ ಬಳ್ಳಿ ಒದ್ದಾಡ್ತಾ ತನ್ನ ಕಾವಲಿಗೆ ಅಂತ ಮದ್ದು ಕಟ್ಕೊಳ್ಳುತ್ತೆ. ಇಷ್ಟು ಉಣ್ಣಿಸಿದ್ರೆ ಬರೀ ಎಲೆ ಬಿಡುತ್ತೆ."

ಅವರನ್ನು ಬೈದು ಸಾಗಹಾಕಿ ಕಲ್ಲಮ್ಮ ತಾನೇ ನಾಲ್ಕೆಲೆ ಅಗಿದಳು. ಸಕ್ಕರೆ ಸಿಹಿಯಾಗಿತ್ತು. ಇನ್ನೂ ನಾಲ್ಕು ಅಗಿದಳು. ಆಗಲೂ ಸಿಹಿಯೇ.

ಮೂವತ್ತು ವರ್ಷದ ಹೆಸರು! ಸೊಪ್ಪು ಸತ್ತಿದೆ ಎಂದು ಯಾವ ಬಾಯಲ್ಲಿ ಹೇಳುವುದು? ಅವಳು ಮಾಡಿದ್ದನ್ನು ಕೇಳಿದರೆ ಯಾರಿಗಾದರೂ ಮೈ ಉರಿಯುತ್ತದೆ. ಬಳ್ಳಿ ಕೀಳಲಿಲ್ಲ, ಸಕ್ಕರೆ ಡಬ್ಬಿಯನ್ನು ಒಳಗಿಟ್ಟಳು. ಅಂದಿನಿಂದ ಹೊಸಬರಿಗೂ ಅದೇ ಬಳ್ಳಿಯ ಪುಡಿಯೇ.

ಅದೇ ವಾರ ದಬ್ಬೇಘಟ್ಟದಿಂದ ತಮ್ಮ ಗಂಗಾಧರಯ್ಯ ಕುಂಟುತ್ತ ಬಂದ. ಅಕ್ಕನ ಮಾತು ಕೇಳಿ ಆಸ್ಪತ್ರೆಯ ಮಾತ್ರೆ ಬಿಟ್ಟು ಆರು ವರ್ಷವಾಗಿತ್ತು. ತೆಂಗಿನ ಗರಿಯ ಮೊನೆ ಚುಚ್ಚಿ ಕಾಲ್ಬೆರಳು ಕೀವುಗಟ್ಟಿತ್ತು.

"ಡಾಕ್ಟ್ರು ಇಂಜೆಕ್ಷನ್ ತಗೋ, ಮಾತ್ರೆ ಶುರು ಮಾಡು ಅಂತವ್ರೆ. ನೀನೇನಂತೀಯಕ್ಕ?"

ತಗೋ ಎಂಬ ಮಾತು ಕಲ್ಲಮ್ಮನ ತುಟಿಯವರೆಗೂ ಬಂತು. ಬೇಲಿಯ ಬಳಿ ನಿರ್ಮಲಾ ಬಟ್ಟೆ ಒಣಹಾಕುತ್ತಿದ್ದಳು, ಕಿವಿ ಇತ್ತಲೇ ಇತ್ತು.

"ನನ್ನ ಪುಡಿ ಇರುವಾಗ ಮಾತ್ರೆ ಯಾಕ್ಲಾ? ಎರಡು ಪಟ್ಟು ತಗೋ, ವಾಸಿಯಾಯ್ತದೆ."

ಮೂರು ವಾರಕ್ಕೆ ಪಾದ ಕಪ್ಪಾಯಿತು. ಮಂಡಿಯ ಕೆಳಗೆ ಕಾಲು ತೆಗೆದರು.

ಆಸ್ಪತ್ರೆಗೆ ಹೋಗುವಾಗ ಕಲ್ಲಮ್ಮ ಎಲ್ಲವನ್ನೂ ಹೇಳಿಬಿಡಬೇಕೆಂದು ಬಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. ತಮ್ಮನ ಮಂಚದ ಪಕ್ಕ ಕೂತು, "ಗಂಗಾಧರ, ಆ ಪುಡಿ..." ಎಂದಳಷ್ಟೆ. ಅವನು ಅವಳ ಕೈಹಿಡಿದುಕೊಂಡ.

"ಅದೇ ಕಣಕ್ಕ ನನ್ನ ಉಳ್ಸಿದ್ದು. ನಿನ್ನ ಪುಡಿ ಇದ್ದುದ್ಕೆ ಕಾಲಿಗೇ ಮುಗೀತು, ಇಲ್ದಿದ್ರೆ ಜೀವನೇ ಹೋಗೋದು. ಇಲ್ಲಿ ಎಲ್ಲರ್ಗೂ ಹೇಳಿವ್ನಿ."

ಪಕ್ಕದ ಮಂಚದ ರೋಗಿಯ ಹೆಂಡತಿ ಮಂಜಮ್ಮ ಎದ್ದು ಬಂದು ಸೆರಗೊಡ್ಡಿದಳು. "ನಮ್ಮೆಜಮಾನ್ರಿಗೂ ಬೆರಳು ಕಪ್ಪಾಗ್ತೈತೆ. ಒಂದೀಟು ಕೊಡವ್ವ."

ವಾರ್ಡಿನವರೆಲ್ಲ ಕಲ್ಲಮ್ಮನನ್ನೇ ನೋಡುತ್ತಿದ್ದರು. ಅವಳು ಚೀಲದಿಂದ ಒಂದು ಪೊಟ್ಟಣ ತೆಗೆದು ಆ ಸೆರಗಿಗೆ ಹಾಕಿದಳು.

"ಮಾತ್ರೆ ನಿಲ್ಸಿ ಕೊಡು," ಎಂದಳು.