ಕುಬಸ ಹೊತ್ತ ಸೈಕಲ್ಲು

ಭೂಸನೂರಿನ ಅಗಸಿ ಬಾಗಿಲು ಇನ್ನೂ ಒಂದು ಕೂಗಳತೆ ದೂರವಿದ್ದಾಗಲೇ ಅಂಬಾರಾಯ ತಲೆಯ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಬಾವಿಗೆ ಹೊರಟಿದ್ದ ಹೆಂಗಸೊಬ್ಬಳು ಅವನ ಬರಿದಲೆ ಕಂಡು ನಿಂತುಬಿಟ್ಟಳು.

"ಯಾರ ಮನಿಗೋ?"

"ಹಣಮವ್ವನ ಮನಿಗ್ರಿ. ಅವರ ಅಣ್ಣ ಹ್ವಾದ್ರು."

ಆಕೆ ಕೊಡ ಅಲ್ಲೇ ಇಟ್ಟು ಊರೊಳಗೆ ಓಡಿದಳು. ಅಂಬಾರಾಯ ಆ ಮನೆ ಮುಟ್ಟುವ ಮೊದಲೇ ಒಳಗಿನಿಂದ ಅಳು ಕೇಳಿಸಿತು. ಸಾವಿನ ಸುದ್ದಿ ತಂದವನು ಅದನ್ನು ಹೇಳುವ ತನಕ ನೀರು ಕುಡಿಯುವಂತಿಲ್ಲ. ಹೇಳಿದ ಮೇಲೆ ಅವನಿಗೆ ನೀರು ಕೊಡುವ ನೆನಪು ಯಾರಿಗೂ ಇರುವುದಿಲ್ಲ.

ಕಡಗಂಚಿಯ ಕೇರಿಯ ಅಂಬಾರಾಯನಿಗೆ ಈ ಕೆಲಸ ಅಜ್ಜನ ಕಾಲದಿಂದ ಬಂದದ್ದು. ಊರಲ್ಲಿ ಯಾರೇ ಸತ್ತರೂ ಪರಸ್ಥಳದ ಬಳಗಕ್ಕೆ ಅವನೇ ಬರಿದಲೆಯಲ್ಲಿ ನಡೆದು ಹೋಗಿ ತಿಳಿಸಬೇಕು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ರೈತರು ಜೋಳ ಕೊಡುತ್ತಿದ್ದರು. ಆಳಂದದಿಂದ ಅಫಜಲಪುರದವರೆಗೆ ಅವನ ಮುಖ ಪರಿಚಯವಿಲ್ಲದ ಊರು ಕಡಿಮೆ. ಆ ಮುಖ ಕಂಡು ಯಾರೂ ನಕ್ಕದ್ದಿಲ್ಲ.

ಅವನ ಒಬ್ಬಳೇ ಮಗಳು ಕಸ್ತೂರಿಬಾಯಿಯನ್ನು ಜೇವರ್ಗಿಯ ಅಣ್ಣಾರಾಯನಿಗೆ ಕೊಟ್ಟಿದ್ದರು. 1943ರಲ್ಲಿ ಆಕೆ ಚೊಚ್ಚಲ ಬಸುರಿ. ಏಳನೇ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಬಳೆ ಒಯ್ದು ಉಡಿ ತುಂಬುವುದಕ್ಕೆ ಕುಬಸ ಎನ್ನುತ್ತಾರೆ. ಹೋಗಬೇಕಾದವಳು ತಾಯಿ ಮಲ್ಕಮ್ಮ. ಆದರೆ ಅವಳ ಕಾಲಿನಲ್ಲಿ ನಾರುಹುಣ್ಣು ಎದ್ದು ಪಾದ ಬಾತಿತ್ತು, ನೆಲಕ್ಕೆ ಊರಲಾಗುತ್ತಿರಲಿಲ್ಲ. ತಾಯಿ ಹಾಸಿಗೆ ಹಿಡಿದಿದ್ದಾಳೆಂಬ ಮಾತು ಎತ್ತಿನ ವ್ಯಾಪಾರಿಗಳ ಬಾಯಿಂದ ಜೇವರ್ಗಿಗೂ ಮುಟ್ಟಿತ್ತು.

"ನಾನೇ ಹೋಗ್ತೇನಿ" ಎಂದ ಅಂಬಾರಾಯ.

"ನೀವು ನಡಕೋತ ಹ್ವಾದ್ರ ಕುಬಸ ಮುಗದಂಗ" ಎಂದು ಮಲ್ಕಮ್ಮ ನಕ್ಕಳು. "ದೂರದಿಂದ ನೋಡಿದ ಕೂಡ್ಲೇ ಇಡೀ ಕೇರಿ ಅಳಾಕ ಸುರು ಮಾಡ್ತದ."

ಅವನು ನಗಲಿಲ್ಲ. ಕೇಳಿದ: "ಸೈಕಲ್ ಮ್ಯಾಲ ಹ್ವಾದ್ರ? ಸಾವಿನ ಸುದ್ದಿ ಎಂದರ ಸೈಕಲ್ ಮ್ಯಾಲ ಬಂದದೇನು?"

"ಸೈಕಲ್ ಎಲ್ಲದ?"

ಸೈಕಲ್ಲು ಆಳಂದದಲ್ಲಿ, ಖಾದರಸಾಬರ ರಿಪೇರಿ ಅಂಗಡಿಯ ಹಿತ್ತಲಲ್ಲಿತ್ತು. ಯಾವನೋ ಸರ್ಕಾರಿ ಜವಾನನ ಕಾಲದ್ದು. ಅದರ ಮೇಲೆ ಎತ್ತಿನ ಗಾಡಿ ಹಾದು ಹೋಗಿತ್ತು. ಮುಂದಿನ ಚಕ್ರ ರೊಟ್ಟಿ ಮಡಚಿದಂತೆ ಮಡಚಿಕೊಂಡಿತ್ತು, ಚೈನಿಗೆ ತುಕ್ಕು ಹಿಡಿದಿತ್ತು, ಸೀಟಿನ ಚರ್ಮವನ್ನು ನಾಯಿ ಎಳೆದೊಯ್ದಿತ್ತು.

"ಇದು ಸೈಕಲ್ ಅಲ್ಲೋ ಅಂಬಾರಾಯ, ಹೆಣ" ಎಂದರು ಖಾದರಸಾಬ.

"ಹೆಣದ ಸುದ್ದಿ ಹೇಳೂದು ನನ್ನ ಕೆಲಸರಿ. ಎಬ್ಬಸೂದು ನಿಮ್ದು."

ಮುದುಕ ನಕ್ಕು ಒಪ್ಪಿಕೊಂಡರು. ಆಳಂದದ ಸಂತೆ ಬಂದಾಗಲೆಲ್ಲ ಅಂಬಾರಾಯ ಬಂದು ಅವರ ಮನೆಗೆ ಕಟ್ಟಿಗೆ ಒಡೆದು, ನೀರು ಹೊತ್ತು ಹಾಕುತ್ತಿದ್ದ. ಆಮೇಲೆ ಇಬ್ಬರೂ ಸೈಕಲ್ಲಿನ ಮುಂದೆ ಕೂರುತ್ತಿದ್ದರು. ಚೌಕಟ್ಟನ್ನು ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಿದರು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬಿಚ್ಚಿ, ಕಲ್ಲಿನ ಮೇಲೆ ಬಡಿದು, ಮತ್ತೆ ಬಿಗಿದರು. ಚೈನು ಎರಡು ವಾರ ಎಣ್ಣೆಯಲ್ಲಿ ನೆನೆಯಿತು. ಸೀಟಿನ ಚರ್ಮವನ್ನು ಅಂಬಾರಾಯ ತಾನೇ ಹೊಲಿದ. ಗಂಟೆ ಮಾತ್ರ ಹೊಸದು. ಅದೊಂದನ್ನು ಅವನು ಹಟಹಿಡಿದು ಹಾಕಿಸಿದ. ದೂರದಿಂದಲೇ ಕೇಳಿಸಬೇಕು ಎಂದ.

ಟೈರು, ಟ್ಯೂಬು ಸಿಗಲಿಲ್ಲ. ಯುದ್ಧದ ದಿನಗಳು, ರಬ್ಬರೆಲ್ಲ ಲಷ್ಕರಕ್ಕೆ ಹೋಗುತ್ತಿತ್ತು. ಹಳೆಯದಕ್ಕೇ ತೇಪೆ ಹಚ್ಚಿದ ಖಾದರಸಾಬ ಒಂದು ಮಾತು ಹೇಳಿ ಕಳಿಸಿದರು: "ದಾರ್ಯಾಗ ಟ್ಯೂಬ್ ಹ್ವಾದ್ರ ಅಂಜಬ್ಯಾಡ. ಟೈರಿನ್ಯಾಗ ಅರಿವಿ ತುಂಬಿ ಹೊಡಿ. ಲಷ್ಕರದಾಗೂ ಹಂಗೇ ಮಾಡ್ತಾರಂತ."

ಹತ್ತಿ ಇಳಿಯಲು ಕಲಿಯುವಷ್ಟರಲ್ಲಿ ಅವನ ಮೊಣಕಾಲು ಎರಡೂ ಸುಲಿದಿದ್ದವು. ಹೊರಡುವ ದಿನ ಮಲ್ಕಮ್ಮ ಕೂತಲ್ಲೇ ಗೋಧಿ-ಬೆಲ್ಲದ ಮಾದಲಿ ಮಾಡಿ ಗಂಟು ಕಟ್ಟಿದಳು. ಬಳೆ ಒಡೆಯದಂತೆ ಹುಲ್ಲಿನಲ್ಲಿ ಸುತ್ತಿ ಸೀರೆಯೊಳಗೆ ಇಟ್ಟಳು.

"ಗಂಟಿ ಬಾರಿಸ್ಕೋತ ಹೋಗ್ರಿ" ಎಂದಳು. "ನಗಾಕ ಮರೀಬ್ಯಾಡ್ರಿ. ನಿಮಗ ರೂಢಿ ಇಲ್ಲ."

ಮೊದಲ ದಿನ ಗುಲ್ಬರ್ಗಾ ಮುಟ್ಟಿ ನೆಂಟರ ಮನೆಯಲ್ಲಿ ಮಲಗಿದ. ಮರುದಿನ ಮಧ್ಯಾಹ್ನ ಹರಿಗೋಲಿನಲ್ಲಿ ಸೈಕಲ್ಲು ಹಾಕಿಕೊಂಡು ಭೀಮೆ ದಾಟಿದ. ಆಚೆ ದಡದಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಜಾಲಿಮುಳ್ಳಿಗೆ ಹಿಂದಿನ ಟ್ಯೂಬು ಉದ್ದಕ್ಕೂ ಸೀಳಿತು. ಹೆಗಲ ಮೇಲಿನ ಹಚ್ಚಡ ಅರ್ಧ ಚಕ್ರಕ್ಕೆ ಮಾತ್ರ ಸಾಕಾಯಿತು. ಕ್ಯಾರಿಯರ್ ಮೇಲಿನ ಸೀರೆಯನ್ನು ಅವನು ಮುಟ್ಟಲಿಲ್ಲ. ರುಮಾಲು ಬಿಚ್ಚಿ, ಹಗ್ಗದಂತೆ ಹೊಸೆದು, ಉಳಿದ ಜಾಗಕ್ಕೆ ತುಂಬಿದ. ಚಕ್ರ ಕುಂಟುತ್ತಾ ಓಡಿತು. ಖಾದರಸಾಬರು ಹೇಳಿದ್ದು ಸರಿ ಎಂದು ಅವನಿಗೆ ಖುಷಿಯಾಯಿತು.

ಜೇವರ್ಗಿಯ ಚಾವಡಿ ಬಂತು. ಕೇರಿಯವರು ಚಾವಡಿಯ ಮುಂದೆ ಸೈಕಲ್ ಮೇಲೆ ಕೂತು ಹೋಗುವಂತಿರಲಿಲ್ಲ, ಗಂಟೆ ಬಾರಿಸುವಂತೆಯೂ ಇರಲಿಲ್ಲ. ಅವನು ಇಳಿದು, ತಲೆ ತಗ್ಗಿಸಿ, ಸೈಕಲ್ಲು ತಳ್ಳಿಕೊಂಡು ನಡೆದ. ಚಾವಡಿ ದಾಟಿದ ಮೇಲೆ ಮತ್ತೆ ಹತ್ತಿ, ಗಂಟೆ ಬಾರಿಸುತ್ತ ಕೇರಿಗೆ ಹೋಗುವ ವಿಚಾರವಿತ್ತು. ಆದರೆ ಕೇರಿಯ ಬಾವಿ ಇದ್ದದ್ದು ಚಾವಡಿಗೆ ಎದುರಿಗೇ. ಕಸ್ತೂರಿಬಾಯಿ ಅಲ್ಲಿ ನೀರು ಸೇದುತ್ತಿದ್ದಳು. ಅವಳಿಗೆ ಕಂಡದ್ದು ಬರಿದಲೆಯಲ್ಲಿ ನಡೆದು ಬರುತ್ತಿದ್ದ ಅಪ್ಪ.

"ಯವ್ವಾ!" ಎಂದು ಚೀರಿ ಅವಳು ಓಡಿ ಬಂದಳು. ಬಾವಿಯ ಮೆಟ್ಟಿಲಿನ ಕಲ್ಲಿಗೆ ಎಡವಿ ಹೊಟ್ಟೆಯ ಮೇಲೆ ಬಿದ್ದಳು.

"ನಿಮ್ಮವ್ವ ಛಲೋ ಅದಾಳ ಬೇ! ಕುಬಸ ತಂದೇನಿ, ಕುಬಸ!" ಅಂಬಾರಾಯ ಸೈಕಲ್ಲು ಕೈಬಿಟ್ಟು ಕೂಗುತ್ತಲೇ ಇದ್ದ. ಬಾವಿಯ ಸುತ್ತಲಿದ್ದ ಹೆಂಗಸರು ಆಗಲೇ ಎದೆ ಬಡಿದುಕೊಂಡು ಅಳಲು ತೊಡಗಿದ್ದರು. ಯಾರಿಗೂ ಕೇಳಿಸಲಿಲ್ಲ.

ಕೂಸು ಅಂದೇ ಹುಟ್ಟಿತು. ಅಳಲಿಲ್ಲ. ರಕ್ತ ನಿಲ್ಲುತ್ತಿಲ್ಲವೆಂದು ಸೂಲಗಿತ್ತಿ ಸುಂದರಬಾಯಿ ಹೊರಗೆ ಬಂದು ಅಣ್ಣಾರಾಯನಿಗೆ ಮೆಲ್ಲಗೆ ಹೇಳಿದಳು. ಒಳಗೆ ಕಸ್ತೂರಿಬಾಯಿ ಅಪ್ಪನ ಕೈ ಹಿಡಿದುಕೊಂಡಿದ್ದಳು.

"ಯಪ್ಪಾ, ಅವ್ವ ಯಾವತ್ತ ಹ್ವಾದಳು?"

"ಅದಾಳ ಯವ್ವ. ಮಾದಲಿ ಮಾಡಿ ಕಳಿಸ್ಯಾಳ, ನೋಡಿಲ್ಲಿ. ರುಮಾಲು ಟೈರಿನ್ಯಾಗ ಹಾಕೇನಿ."

"ಊರ ಮಂದಿಗೆ ನೀ ಎಂದೂ ಸುಳ್ಳ ಹೇಳಿದವಲ್ಲ. ನನಗ್ಯಾಕ ಹೇಳಾಕತ್ತಿ?"

ಸೀರೆ ತೋರಿಸಿದ, ಬಳೆ ತೋರಿಸಿದ. ಅವಳು ಗೋಡೆಯ ಕಡೆ ಮುಖ ಮಾಡಿ ಅವ್ವನ ಗುಣ ಹೇಳಿ ಅತ್ತಳು. ಸತ್ತವರಿಗಾಗಿ ಅಳುವ ರೀತಿ ಅದು. ಅಂಬಾರಾಯ ಆ ಅಳುವನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದ.

ಬೆಳಕು ಹರಿಯುತ್ತಲೇ ಅವನು ಸೈಕಲ್ಲು ಎತ್ತಿಕೊಂಡ.

"ಎಲ್ಲಿಗಿ ಮಾವಾ?" ಅಣ್ಣಾರಾಯ ಕೇಳಿದ.

"ನಿಮ್ಮತ್ತೀನ ಕರಕೊಂಡು ಬರ್ತೇನಿ. ಕಣ್ಣಿಲೆ ನೋಡಿದ್ರರ ನಂಬತಾಳ."

"ಗಾಡಿ ಕೇಳಿ ನೋಡ್ತೇನಿ, ತಡೀರಿ."

"ಗಾಡಿ ಹೊಳೀ ದಾಟಂಗಿಲ್ಲಪಾ."

ಅರಿವೆ ತುಂಬಿದ ಚಕ್ರದ ಮೇಲೆಯೇ ಕಡಗಂಚಿ ಮುಟ್ಟಿದ. ಮಲ್ಕಮ್ಮ ಬೇವಿನೆಲೆ ಕಟ್ಟಿದ ಕಾಲನ್ನು ಚಾಚಿಕೊಂಡು ಕ್ಯಾರಿಯರ್ ಮೇಲೆ ಕೂತಳು. ತಗ್ಗು ಬಂದಲ್ಲೆಲ್ಲ ಅವನು ಇಳಿದು ತಳ್ಳಿದ. ಹರಿಗೋಲಿನವನು ಅವರ ಗುರುತು ಹಿಡಿದು ಬೇರೆ ಯಾರನ್ನೂ ಕಾಯದೆ ಹುಟ್ಟು ಹಾಕಿದ.

ಮಲ್ಕಮ್ಮ ಜೇವರ್ಗಿ ಮುಟ್ಟಿದಾಗ ಕಸ್ತೂರಿಬಾಯಿಯ ಮಣ್ಣು ಮುಗಿದು ಎರಡು ದಿನವಾಗಿತ್ತು.