ದೊಡ್ಡಮ್ಮ ಕೇಳಿದ ದೆವ್ವದ ಆಟ

ನನ್ನ ದಿನಚರಿಯಲ್ಲಿ ಓದಿದ ಪುಸ್ತಕಗಳಿಗೊಂದು ಪಟ್ಟಿ ಇದೆ, ತಪ್ಪಿಹೋದ ಬಸ್ಸುಗಳಿಗೊಂದು ಪಟ್ಟಿ ಇದೆ. ಹೋದ ವರ್ಷದಿಂದ ದೆವ್ವದ ಗೇಮುಗಳಿಗೂ ಒಂದು ಪುಟ ಬಿಟ್ಟಿದ್ದೇನೆ. ಮೊನ್ನೆ ಮೊನ್ನೆಯವರೆಗೆ ಶುರು ಮಾಡಿದ್ದು ಏಳು, ಮುಗಿಸಿದ್ದು ಸೊನ್ನೆ. ಬಿಟ್ಟ ಕಾರಣದ ಜಾಗದಲ್ಲಿ ಮೊದಮೊದಲು ‘ಕರೆಂಟ್ ಹೋಯಿತು’ ಎಂದು ಬರೆಯುತ್ತಿದ್ದೆ. ಲ್ಯಾಪ್‌ಟಾಪಿಗೆ ಬ್ಯಾಟರಿ ಇರುತ್ತದೆ ಎಂದು ನನಗೇ ನೆನಪಾದ ಮೇಲೆ ‘ಹೆದರಿಕೆ’ ಎಂದೇ ಬರೆಯತೊಡಗಿದೆ.

ಇಷ್ಟು ಹೆದರುವವಳಿಗೆ ಇಂಥ ಆಟ ಯಾಕೆ ಎಂದು ಅವ್ವ ಕೇಳುತ್ತಾಳೆ. ಕಾರು ಓಡಿಸುವ ಆಟ, ಗುಂಡು ಹಾರಿಸುವ ಆಟ ನನಗೆ ಅರ್ಧ ಗಂಟೆಗೆ ಬೇಜಾರು. ದೆವ್ವದ ಆಟದಲ್ಲಿ ಕಥೆ ಇರುತ್ತದೆ. ಅದೂ ಒಂದೇ ಕಡೆ ಇರುವುದಿಲ್ಲ. ಮೇಜಿನ ಖಾನೆಯಲ್ಲಿ ಒಂದು ಚೂರು, ಗೋಡೆಯ ಫೋಟೊದ ಹಿಂದೆ ಒಂದು ಚೂರು, ಮುಚ್ಚಿದ ಬಾಗಿಲಾಚೆ ಮುಖ್ಯವಾದದ್ದು. ಪುಸ್ತಕದಲ್ಲಾದರೆ ಹೆದರಿಕೆಯ ಪುಟ ಹಾರಿಸಿ ಮುಂದೆ ಹೋಗಬಹುದು. ಇಲ್ಲಿ ಆ ಬಾಗಿಲನ್ನು ನಾನೇ ತೆಗೆಯಬೇಕು. ತೆಗೆಯದಿದ್ದರೆ ಕಥೆ ಅಲ್ಲೇ ನಿಂತು ನನ್ನನ್ನು ಕಾಯುತ್ತಿರುತ್ತದೆ. ಅಷ್ಟು ತಾಳ್ಮೆಯಿಂದ ನನ್ನನ್ನು ಕಾಯುವವರು ನಮ್ಮೂರು ನ್ಯಾಮತಿಯಲ್ಲಿ ಬೇರೆ ಯಾರೂ ಇಲ್ಲ.

ನನ್ನ ಮುನ್ನೆಚ್ಚರಿಕೆಗಳೂ ಕಡಿಮೆ ಇರಲಿಲ್ಲ. ಆಡುವುದು ಮಧ್ಯಾಹ್ನ ಮಾತ್ರ, ಬೀದಿ ಕಡೆಯ ಕಿಟಕಿ ತೆರೆದಿಟ್ಟು, ಸೊಪ್ಪು ಮಾರುವವರ ಕೂಗು ಕೇಳುತ್ತಿರುವಾಗ. ಗೇಮಿನ ಸದ್ದು ಪೂರ್ತಿ ಬಂದ್. ಸದ್ದಿಲ್ಲದ ದೆವ್ವ ಅರ್ಧ ದೆವ್ವ ಎಂಬುದು ನನ್ನ ಲೆಕ್ಕ.

ಎಂಟನೆಯ ಗೇಮಿನಲ್ಲಿ ಒಬ್ಬ ಹುಡುಗಿ, ಎಷ್ಟೋ ವರ್ಷದ ಹಿಂದೆ ಕಾಣೆಯಾದ ತಾಯಿಯನ್ನು ಹುಡುಕಿಕೊಂಡು ಒಂದು ಪಾಳು ಮನೆಗೆ ಬರುತ್ತಾಳೆ. ಆ ಮನೆಯಲ್ಲಿ ಏನೋ ಒಂದು ಕಾಲೆಳೆಯುತ್ತ ಅವಳ ಹಿಂದೆ ಹಿಂದೆ ತಿರುಗುತ್ತದೆ. ನಾನು ಇನ್ನೂ ಆ ಮನೆಯ ಹೊಸಿಲು ದಾಟಿರಲಿಲ್ಲ. ಅಷ್ಟರಲ್ಲಿ ದೊಡ್ಡಮ್ಮ ಬಂದಳು.

ದೊಡ್ಡಮ್ಮ ಎಂದರೆ ಅವ್ವನ ಅಕ್ಕ, ಜಗಳೂರು ಕಡೆಯ ಸೊಕ್ಕೆಯವಳು. ಶಿವಮೊಗ್ಗದಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡು, ಮತ್ತೊಮ್ಮೆ ತೋರಿಸುವವರೆಗೆ ನಮ್ಮ ಮನೆಯಲ್ಲಿದ್ದಳು. ಕರಿ ಕನ್ನಡಕ. ಟಿವಿ ನೋಡುವಂತಿಲ್ಲ, ಮೊಬೈಲ್ ನೋಡುವಂತಿಲ್ಲ. ನಾನು ಏನು ಮಾಡುತ್ತಿದ್ದೇನೆ ಎಂದು ಕೇಳಿದಳು. ಒಂದು ಹುಡುಗಿಯ ಅವ್ವನನ್ನು ಹುಡುಕುತ್ತಿದ್ದೇನೆ ಎಂದೆ. ಅಂದಿನಿಂದ ಊಟಕ್ಕೆ ಕೂತರೂ ಚಹಾ ಕುಡಿದರೂ ಅವಳದು ಒಂದೇ ಪ್ರಶ್ನೆ, ಸಿಕ್ಕಳಾ ಎಂದು.

“ನೋಡಾಕಂತೂ ಆಗಲ್ಲ. ದನಿನಾರ ಹಾಕು,” ಎಂದಳು.

ಹಾಗಾಗಿ ಸದ್ದು ಹಾಕಬೇಕಾಯಿತು. ಪರದೆಯಲ್ಲಿ ಕಂಡದ್ದನ್ನು ನಾನು ಹೇಳುವುದು, ಅವಳು “ಹೂಂ” ಎನ್ನುವುದು. ನಮ್ಮಲ್ಲಿ ಹೂಂಗುಟ್ಟುವವರಿಲ್ಲದೆ ಕಥೆ ಹೇಳುವ ಪದ್ಧತಿಯಿಲ್ಲ. ಹೂಂ ನಿಂತರೆ ಕೇಳುವವರು ಮಲಗಿದರು ಎಂದು ಹೇಳುವವರೂ ನಿಲ್ಲಿಸುತ್ತಾರೆ. ದೊಡ್ಡಮ್ಮನ ಹೂಂ ನಿಲ್ಲಲಿಲ್ಲ. ಅದು ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗಿತ್ತು. ಕಾಲೆಳೆಯುವ ಸದ್ದು ಬಂದಾಗ ನಾನು ಆಟ ನಿಲ್ಲಿಸಿ ನೀರು ಕುಡಿಯಲು ಎದ್ದರೆ, ಅದು ಇನ್ನೂ ಮಹಡಿಯ ಹಲಗೆ ಮೇಲೆ ನಡೆಯುತ್ತಿದೆ, ನೀನು ಕೆಳಗಿದ್ದೀಯ, ನೀರು ಆಮೇಲೆ ಕುಡಿ ಎನ್ನುತ್ತಿದ್ದಳು.

ಹೀಗೆ ನೆಲಮಾಳಿಗೆಯ ಮೆಟ್ಟಿಲವರೆಗೆ ಬಂದೆ. ಅಲ್ಲಿಂದ ಮುಂದೆ ನನ್ನ ಬೆರಳು ಏಳಲಿಲ್ಲ. ಒಂದಿಷ್ಟು ಮಧ್ಯಾಹ್ನಗಳು ಮೆಟ್ಟಿಲ ಮೇಲೇ ಕಳೆದವು.

ಅಷ್ಟರಲ್ಲಿ ಅವಳು ಹೊರಡುವ ದಿನ ಬಂತು. ಕರೆದೊಯ್ಯಲು ಸೋದರಮಾವ ಬರುವುದಿತ್ತು. ಚೀಲ ಕಟ್ಟಿಟ್ಟುಕೊಂಡು ಕೂತ ದೊಡ್ಡಮ್ಮ, ಆ ಹುಡುಗಿಗೆ ತಾಯಿ ಸಿಕ್ಕಳೋ ಇಲ್ಲವೋ ತಿಳಿಯದೆ ಹೇಗೆ ಹೋಗಲಿ ಎಂದಳು. ಮುಗಿಸಿ ಫೋನ್ ಮಾಡುತ್ತೇನೆ ಎಂದೆ.

“ನೀನಾ? ನಾನು ಬಸ್ ಹತ್ತಿದ ಮ್ಯಾಲೆ ನೀನು ಆ ಪೆಟ್ಟಿಗೆ ಮುಚ್ಚಳಾನೂ ತೆಗೆಯಾಕಿಲ್ಲ.”

ನನ್ನ ಪಟ್ಟಿಯನ್ನು ಅವಳಿಗೆ ಯಾರೂ ಓದಿ ಹೇಳಿರಲಿಲ್ಲ.

ಆಗಲೇ ಮಾವನ ಫೋನ್ ಬಂತು. ಹೊನ್ನಾಳಿಯಲ್ಲಿ ಇಳಿದು ಬಸ್ ಬದಲಿಸಬೇಕಿದ್ದವನು ನಿದ್ದೆ ಹೋಗಿ ಗೋವಿನಕೋವಿ ಮುಟ್ಟಿದ್ದ. ಯಾರದಾದರೂ ಬೈಕ್ ಸಿಕ್ಕರೆ ಬರುತ್ತೇನೆ ಎಂದ. ದೊಡ್ಡಮ್ಮನಿಗೆ ಸಿಟ್ಟು ಬರಲಿಲ್ಲ. ಹಗಲು ಹೊತ್ತು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆ ಎಂಬುದು ಹಿರಿಯರು ಹೇಳುತ್ತ ಬಂದ ಮಾತೇ. ಈಗ ಅರ್ಧಕ್ಕೆ ಬಿಟ್ಟರೆ ಅವನು ಬಂದು ಸೇರುವುದೂ ಇಲ್ಲ ಎಂದಳು. ಅವನು ಕಥೆಯಿಲ್ಲದೆಯೂ ಎಷ್ಟೋ ಸಲ ದಾರಿ ತಪ್ಪಿದ್ದಾನೆ ಎಂದು ಅವ್ವ ಅಡುಗೆಮನೆಯಿಂದಲೇ ಹೇಳಿದ್ದನ್ನು ನಾವು ಕೇಳಿಸಿಕೊಳ್ಳಲಿಲ್ಲ.

ಇಳಿದೆ. ಕೆಳಗೊಂದು ಕಬ್ಬಿಣದ ಬಾಗಿಲು. ಅದರಾಚೆ ಕಾಲೆಳೆಯುವ ಸದ್ದು ಬಂದು ನಿಂತಿತು. ಪರದೆಯ ಮೇಲೆ ಎರಡು ಆಯ್ಕೆಗಳು ಮೂಡಿದವು: ಅಗುಳಿ ಹಾಕು, ಬಾಗಿಲು ತೆಗೆ. ಓದಿ ಹೇಳಿದೆ. ನನ್ನ ಕೈ ಆಗಲೇ ಅಗುಳಿಯ ಮೇಲಿತ್ತು.

ದೊಡ್ಡಮ್ಮ ಹೂಂ ಎನ್ನದಿದ್ದದ್ದು ಅದೇ ಮೊದಲು. ಪರದೆಯ ಕಡೆಗೆ ಕಿವಿ ತಿರುಗಿಸಿ ಹೇಳಿದಳು: “ತೆಗಿ. ಅದು ಅವರವ್ವನೇ.”

“ನಿಂಗೆ ಹೆಂಗೆ ಗೊತ್ತು?”

“ಇಷ್ಟು ದಿನದಾಗ ಒಂದ್ಸಲನಾರ ಅಡ್ಡ ಬಂತಾ? ಬರೀ ಹಿಂದ್ಹಿಂದೆ ಬರ್ತೈತೆ. ತಿನ್ನಾಕೆ ಬಂದಿದ್ರೆ ಯಾವಾಗ್ಲೋ ತಿಂತಿತ್ತು.”

ಗುಂಡಿ ಒತ್ತಿದೆ. ಒತ್ತಿ, ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡೆ. ಬಾಗಿಲು ಕಿರುಗುಟ್ಟಿತು. ಯಾರೋ ಬಿಕ್ಕಿದರು. ಆಮೇಲೆ ಹೆಜ್ಜೆಗಳು, ಬಹಳ ಹೊತ್ತು ಸಂಗೀತ. ನಾನು ಕಣ್ಣು ಬಿಟ್ಟಾಗ ಕಪ್ಪು ಪರದೆಯಲ್ಲಿ ಗೇಮ್ ಮಾಡಿದವರ ಹೆಸರುಗಳು ಮೇಲೇರುತ್ತಿದ್ದವು. ಏನಾಯಿತು ಎಂದು ಕನ್ನಡಕದವಳನ್ನೇ ಕೇಳಬೇಕಾಯಿತು.

“ಕಣ್ಣಿರಾಕಿ ನೀನು, ನನ್ನ ಕೇಳ್ತೀಯಲ್ಲೇ,” ಎಂದು ನಕ್ಕಳು. ಆಮೇಲೆ ಹೇಳಿದಳು: ಇಬ್ಬರೂ ಅತ್ತರು. ಕಾಲೆಳೆಯುವ ಸದ್ದಿನ ಜೊತೆಗೆ ಇನ್ನೊಂದು ಜೊತೆ ಹೆಜ್ಜೆ ಕೂಡಿತು. ಕೈ ಹಿಡಿದುಕೊಂಡು ಹೊರಗೆ ಹೋದರು.

ಮಾವ ಬಂದ, ಚಹಾ ಕುಡಿದ, ಅಕ್ಕನನ್ನು ಕರೆದುಕೊಂಡು ಹೋದ. ನಾನು ಪಟ್ಟಿಯಲ್ಲಿ ‘ಮುಗಿಸಿದ್ದು ಒಂದು’ ಎಂದು ತಿದ್ದಿದೆ. ಆ ಕೊನೆಯನ್ನು ಇನ್ನೊಮ್ಮೆ ಆಡಿ ನೋಡಲು ಹತ್ತು ನಿಮಿಷ ಸಾಕು. ನೋಡಿಲ್ಲ. ಹೆಜ್ಜೆಗಳು ಹೊರಗೆ ಹೋದವೋ, ಇನ್ನೂ ಒಳಗೆ ಇಳಿದವೋ, ಸದ್ದಿನಿಂದ ಹೇಗೆ ತಿಳಿಯುತ್ತದೆ?

ಹೋದ ವಾರ ದೊಡ್ಡಮ್ಮನ ಫೋನ್ ಬಂದಿತ್ತು. ಸೊಕ್ಕೆಯಲ್ಲಿ ತನ್ನ ಬೀದಿಯವರಿಗೆಲ್ಲ ಕಥೆ ಹೇಳಿದ್ದಾಳಂತೆ. ಆ ತಾಯಿ ಮಗಳು ಈಗ ಹೇಗಿದ್ದಾರೆ ಎಂದು ಅವರೆಲ್ಲ ಕೇಳುತ್ತಿದ್ದಾರಂತೆ.

ಚೆನ್ನಾಗಿದ್ದಾರೆ ಎಂದೆ.